ಮಾಳಿಗೆಯ ಮೇಲೊಂದು ಚಪ್ಪರ

ಕಳೆದ ಬೇಸಗೆಯ ಒಂದು ಸಂಜೆ ನನ್ನ ಸೋದರಮಾವನವರಿಂದ ಫೋನು ಬಂತು. ಅವರು ಮುಂಬಯಿಯ ಉಪನಗರವೊಂದರಲ್ಲಿ ಮೂವತ್ತು ವರ್ಷಗಳಿಂದ ಹೋಟೆಲು ನಡೆಸುತ್ತಿರುವವರು. "ಹೋಟೆಲಿನ ಮೇಲಿನ ತಾರಸಿ ಸುಮ್ಮನೆ ಬಿದ್ದಿದೆ ಮಾರಾಯ. ಅಲ್ಲಿ ನಾಲ್ಕು ಮೇಜು ಹಾಕಿ, ಮಳೆಗೂ ಬಿಸಿಲಿಗೂ ಜಗ್ಗದಂಥ ಒಂದು ಪರ್ಗೋಲಾ ಕಟ್ಟಿಸಬೇಕೆಂದಿದ್ದೇನೆ. ಕಂತ್ರಾಟುದಾರ ಬಣ್ಣಬಣ್ಣದ ಚಿತ್ರ ತೋರಿಸಿ ಹೋಗಿದ್ದಾನೆ. ನೀನು ಬಿ.ಎಸ್ಸಿ. ಓದಿದವ, ಮೇಲಾಗಿ ಸರಕಾರಿ ಕಚೇರಿಯಲ್ಲಿ ಫೈಲು ನೋಡುವವ. ಬಂದು ಒಮ್ಮೆ ನೋಡಿ ಹೇಳು" ಎಂದರು. ಪದಾರ್ಥವಿಜ್ಞಾನವನ್ನು ಓದಿ ಎರಡು ದಶಕ ಕಳೆದ ಮೇಲೂ ಬಂಧುಗಳ ದೃಷ್ಟಿಯಲ್ಲಿ ನಾನು ವಿಜ್ಞಾನಿಯೇ! ಭಾನುವಾರ ಲೋಕಲು ಹಿಡಿದು ಹೋದೆ. ನೋಡಿದ್ದು, ಲೆಕ್ಕ ಹಾಕಿದ್ದು, ಆಮೇಲೆ ಗ್ರಂಥಾಲಯದಲ್ಲಿ ಕೂತು ಓದಿದ್ದು ಎಲ್ಲವೂ ಸೇರಿ ಈ ಲೇಖನವಾಯಿತು. ನಮ್ಮ ಸಂಘದ ಸದಸ್ಯರಲ್ಲಿ ಹೋಟೆಲುದ್ಯಮದವರು ಅನೇಕರಿದ್ದಾರೆ. ಉಳಿದವರೆಲ್ಲ ಹೋಟೆಲಿನಲ್ಲಿ ಉಣ್ಣುವವರು. ಹಾಗಾಗಿ ವಿಷಯವು ಯಾರಿಗೂ ಹೊರಗಿನದಲ್ಲ ಎಂದುಕೊಂಡಿದ್ದೇನೆ.

ಮೊದಲು ಹೆಸರಿನ ಮಾತು. ಪರ್ಗೋಲಾ ಎಂಬುದು ಇಟಲಿಯಿಂದ ಬಂದ ಶಬ್ದ. ಅದರ ಮೂಲ ಲ್ಯಾಟಿನ್. ಕಂಬ ನೆಟ್ಟು, ಮೇಲೆ ಅಡ್ಡಪಟ್ಟಿ ಹಾಸಿ, ಅದರ ಮೇಲೆ ದ್ರಾಕ್ಷಿಬಳ್ಳಿ ಹಬ್ಬಿಸಿ, ಕೆಳಗೆ ಕೂರುವ ನೆರಳಿನ ಜಾಗ. ಇದನ್ನು ಕೇಳಿದಾಗ ನಮಗೆ ನಗು ಬರಬೇಕು. ಊರಿನಲ್ಲಿ ಬಾವಿಕಟ್ಟೆಯ ಪಕ್ಕ ಅಮ್ಮ ಹಬ್ಬಿಸುತ್ತಿದ್ದ ಬಸಳೆಯ ಚಪ್ಪರವೂ ಇದೇ ಅಲ್ಲವೇ?

ಚಪ್ಪರದ ಧರ್ಮ

ಕರಾವಳಿ ಮತ್ತು ಮಲೆನಾಡಿನವರಿಗೆ ಚಪ್ಪರವನ್ನು ಯಾರೂ ಕಲಿಸಬೇಕಾಗಿಲ್ಲ. ಬಸಳೆ ಚಪ್ಪರ, ಮಲ್ಲಿಗೆ ಚಪ್ಪರ, ಮದುವೆ ಚಪ್ಪರ, ಕೋಲಕ್ಕೆ ಹಾಕುವ ಚಪ್ಪರ, ಮಲೆನಾಡಿನಲ್ಲಿ ಅಡಿಕೆ ಒಣಗಿಸುವ ಅಟ್ಟದಂಥ ಚಪ್ಪರ. ಅಡಿಕೆ ಮರದ ಕಂಬ, ಅದನ್ನೇ ಸೀಳಿದ ಸಲಾಕೆ, ಹೆಣೆದ ತೆಂಗಿನ ಮಡಲು ಅಥವಾ ಅಡಿಕೆ ಸೋಗೆ, ಕಟ್ಟಲು ಬಳ್ಳಿ ಅಥವಾ ಹುರಿಹಗ್ಗ. ಒಂದು ಮೊಳೆಯನ್ನೂ ಹೊಡೆಯದೆ ಮೂರು ಜನ ಒಂದು ದಿನದಲ್ಲಿ ಇಡೀ ಅಂಗಳಕ್ಕೆ ನೆರಳು ಹಾಸುತ್ತಿದ್ದರು. ಮಳೆಗಾಲ ಬಂದಾಗ ಜಗಲಿಗೆ ಇರಿಚಲು ಹೊಡೆಯದಂತೆ ಮಡಲಿನ ತಟ್ಟಿ ಕಟ್ಟುವುದು ಬೇರೆ ಕೆಲಸ.

ಈ ಚಪ್ಪರಗಳಿಗೆ ಒಂದು ಧರ್ಮವಿತ್ತು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಎಲ್ಲರೂ ಪಾಲಿಸುತ್ತಿದ್ದರು. ಒಂದು, ಅದು ಹಗುರವಾಗಿರಬೇಕು. ಬಿದ್ದರೂ ಯಾರ ತಲೆಯೂ ಒಡೆಯಬಾರದು. ಎರಡು, ನಾಲ್ಕೂ ಕಡೆ ತೆರೆದಿರಬೇಕು. ಗಾಳಿ ಬರಬೇಕು, ಜನ ಯಾವ ಕಡೆಯಿಂದಲೂ ಹೊರಗೆ ಹೋಗುವಂತಿರಬೇಕು. ಮೂರು, ಕಾರ್ಯ ಮುಗಿದ ಮೇಲೆ ಬಿಚ್ಚಬೇಕು. ಮದುವೆಗೆ ಚಪ್ಪರದ ಮುಹೂರ್ತವಿದ್ದ ಹಾಗೆ, ಮದುವೆಯ ಗಲಾಟೆ ಮುಗಿದ ಮೇಲೆ ಚಪ್ಪರ ಬಿಚ್ಚುವ ದಿನವೂ ಇತ್ತು. ಮದುವೆಯ ಅಡಿಗೆಯ ಒಲೆಯನ್ನು ಉಣ್ಣುವ ಚಪ್ಪರದಡಿಯಲ್ಲಿ ಹೂಡುತ್ತಿರಲಿಲ್ಲ. ಅದಕ್ಕೆ ಹಿತ್ತಿಲಿನ ಕಡೆ ಬೇರೆಯೇ ಜಾಗ. ಒಣಮಡಲಿಗೆ ಕಿಡಿ ತಗಲಿದರೆ ಏನಾಗುತ್ತದೆಂದು ಬಲ್ಲವರು ಮಾಡಿದ ಏರ್ಪಾಡು ಅದು.

ಹಗುರ, ತೆರವು, ತಾತ್ಕಾಲಿಕ: ಈ ಮೂರು ಮಾತುಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕಾಗಿ ವಿನಂತಿ. ಮುಂಬಯಿಯ ಮಾಳಿಗೆಗಳ ಮೇಲೆ ನಡೆದ ಕಥೆಯೆಲ್ಲ ಇವನ್ನು ಒಂದೊಂದಾಗಿ ಮರೆತ ಕಥೆಯೇ ಆಗಿದೆ.

ಮುಂಬಯಿಗೂ ಇದು ಹಳೆಯದು

ಮುಂಬಯಿ ನಗರವೂ ಒಂದು ಕಾಲಕ್ಕೆ ಈ ಧರ್ಮವನ್ನು ಬಲ್ಲದ್ದಾಗಿತ್ತು. 1803ರ ಫೆಬ್ರವರಿಯಲ್ಲಿ ಕೋಟೆಯೊಳಗೆ ಭಾರಿ ಬೆಂಕಿ ಬಿದ್ದು, ಇಕ್ಕಟ್ಟಾದ ಬೀದಿಗಳ ಮನೆ ಅಂಗಡಿಗಳ ಬಹುಭಾಗ ಸುಟ್ಟುಹೋಯಿತು. ಕೋಟೆಯ ಹೊರಗೆ ಎಸ್‌ಪ್ಲನೇಡ್ ಎಂಬ ವಿಶಾಲವಾದ ಬಯಲಿತ್ತು. ಇಂದಿನ ಆಜಾದ್, ಕ್ರಾಸ್, ಓವಲ್ ಮತ್ತು ಕೂಪರೇಜ್ ಮೈದಾನಗಳು ಅದರ ತುಂಡುಗಳು. ಫಿರಂಗಿಯ ಗುಂಡಿಗೆ ಅಡ್ಡಿ ಬರಬಾರದೆಂದು ಅಲ್ಲಿ ಕಾಯಂ ಕಟ್ಟಡಕ್ಕೆ ಅವಕಾಶವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಿಳಿಯ ಅಧಿಕಾರಿಗಳು ಒಣಹವೆಯ ತಿಂಗಳುಗಳಲ್ಲಿ ಅಲ್ಲಿ ಡೇರೆಗಳನ್ನೂ ತಟ್ಟಿಯ ಬಂಗಲೆಗಳನ್ನೂ ಹೂಡಿ, ಕಡಲಗಾಳಿಯಲ್ಲಿ ಸುಖವಾಗಿದ್ದು, ಮುಂಗಾರು ಬರುವ ಮೊದಲು ಎಲ್ಲವನ್ನೂ ಬಿಚ್ಚಿ ಕೋಟೆಯೊಳಗೆ ಹೋಗುತ್ತಿದ್ದರು. ನಮ್ಮ ಮದುವೆ ಚಪ್ಪರಕ್ಕೂ ಇದಕ್ಕೂ ಏನು ವ್ಯತ್ಯಾಸ? ಮಳೆಗೆ ನಿಲ್ಲದ್ದನ್ನು ಮಳೆಗೆ ಮೊದಲು ಇಳಿಸುವುದು, ಅಷ್ಟೇ ವಿವೇಕ.

ಆಮೇಲೆ ಬಂದದ್ದು 1888ರ ಮುಂಬಯಿ ಮುನಿಸಿಪಲ್ ಕಾಯಿದೆ. ಕಟ್ಟಡದ ಹೊರಗೋಡೆಗಾಗಲಿ ಮಾಡಿನ ಹೊದಿಕೆಗಾಗಲಿ ಕಮಿಷನರರ ಲಿಖಿತ ಅಪ್ಪಣೆಯಿಲ್ಲದೆ ಮರ, ಬಟ್ಟೆ, ಹುಲ್ಲು, ಎಲೆ, ಚಾಪೆ ಮೊದಲಾದ ಬೆಂಕಿ ಹಿಡಿಯುವ ವಸ್ತುಗಳನ್ನು ಬಳಸಬಾರದೆಂದು ಅದರಲ್ಲಿ ವಿಧಿಸಲಾಯಿತು. ತಾಳೆಗರಿಯ ಗುಡಿಸಲುಗಳ ಊರೊಂದು ಹಂಚಿನ, ಕಬ್ಬಿಣದ ಊರಾಗಲು ಇಂಥ ನಿಯಮಗಳೂ ಕಾರಣ.

ಕಬ್ಬಿಣದ ಮಾತು ಬಂದಾಗ ಕಾಲಾಘೋಡಾದ ವಾಟ್ಸನ್ ಹೋಟೆಲನ್ನು ನೆನೆಯದೆ ಇರಲಾಗದು. 1860ರ ದಶಕದ ಕೊನೆಯಲ್ಲಿ, ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಕಂಬ ತೊಲೆಗಳನ್ನು ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿ ನಿಲ್ಲಿಸಿದ ಕಟ್ಟಡ ಅದು. ಇಂದು ಕಂತ್ರಾಟುದಾರರು ಕಾರಖಾನೆಯಲ್ಲಿ ತಯಾರಿಸಿ ತಂದು ತಾರಸಿಯ ಮೇಲೆ ಜೋಡಿಸುವ ಪರ್ಗೋಲಾಗಳ ಮುತ್ತಜ್ಜನೆಂದರೂ ಸಲ್ಲುತ್ತದೆ. ಲೂಮಿಯೇರ್ ಸಹೋದರರ ಚಲನಚಿತ್ರ 1896ರ ಜುಲೈ 7ರಂದು ಭಾರತದಲ್ಲಿ ಮೊದಲು ತೋರಿಸಲ್ಪಟ್ಟದ್ದು ಅಲ್ಲಿಯೇ. ಅಂಥ ಕಟ್ಟಡವೂ ಆರೈಕೆಯಿಲ್ಲದೆ ಸೊರಗಿ, 2005ರಲ್ಲಿ ಅದರ ಮುಂಭಾಗದ ಒಂದು ಪಾಲು ಕುಸಿದುಬಿತ್ತು. ಉಪ್ಪುಗಾಳಿಯ ಊರಿನಲ್ಲಿ ಕಬ್ಬಿಣ ತಾನಾಗಿ ಬಾಳುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಉಡುಪಿ ಹೋಟೆಲಿನ ತಾರಸಿ

ಇನ್ನು ನಮ್ಮವರ ಕಡೆಗೆ ಬರೋಣ. ಮಾಟುಂಗದಲ್ಲಿ ಎ. ರಾಮ ನಾಯಕರ ಕೆಫೆ ಮೈಸೂರು 1936ರಲ್ಲಿ ಆರಂಭವಾಯಿತು. ಕೆಫೆ ಮದ್ರಾಸ್ 1940ರಲ್ಲಿ. ರಾಮ ನಾಯಕರದೇ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ. ಆ ಕಾಲದ ಉಡುಪಿ ಹೋಟೆಲಿಗೆ ಗಾಳಿ, ನೋಟ, ನೆರಳು ಇವುಗಳ ಗೊಡವೆಯಿರಲಿಲ್ಲ. ಬಂದವನು ಕೂತು, ತಿಂದು, ಕಾಫಿ ಕುಡಿದು, ಹದಿನೈದು ನಿಮಿಷದಲ್ಲಿ ಮುಂದಿನವನಿಗೆ ಜಾಗ ಬಿಡಬೇಕು. ಅಮೃತಶಿಲೆಯ ಮೇಜು, ಸ್ಟೀಲಿನ ಲೋಟ, ಗೋಡೆಯ ಮೇಲೆ ದೇವರ ಪಟ. ತಾರಸಿಗೆ ಗಿರಾಕಿ ಹತ್ತುವ ಪ್ರಶ್ನೆಯೇ ಇರಲಿಲ್ಲ.

ತಾರಸಿ ಯಾರದಾಗಿತ್ತು? ಅದು ಹೋಟೆಲಿನ ಹುಡುಗರದಾಗಿತ್ತು. ಊರಿನಿಂದ ಬಸ್ಸು ಹತ್ತಿ ಬಂದು, ಗಲ್ಲಾದ ಹಿಂದೆ ಚಾಪೆ ಸುರುಳಿ ಇಟ್ಟು, ಬೆಳಿಗ್ಗೆ ಐದಕ್ಕೆ ಎದ್ದು ಇಡ್ಲಿ ಹಿಟ್ಟಿನ ಪಾತ್ರೆ ಎತ್ತುತ್ತಿದ್ದ ಹುಡುಗರಿಗೆ ಬೇಸಗೆಯಲ್ಲಿ ತಾರಸಿಯೇ ಮಲಗುವ ಮನೆ, ಓದುವ ಕೋಣೆ, ಊರಿಗೆ ಕಾಗದ ಬರೆಯುವ ಜಾಗ. ಸಂಜೆ ಒಂದಿಷ್ಟು ಬಿಡುವು ಸಿಕ್ಕಿದವರು ರಾತ್ರಿಶಾಲೆಗೆ ಹೋಗುತ್ತಿದ್ದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘ ಮೊದಲಾದ ಸಂಸ್ಥೆಗಳ ಸುತ್ತ ಬೆಳೆದ ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದ ಎಷ್ಟು ಮಂದಿ ತಾರಸಿಯ ದೀಪದ ಕೆಳಗೆ ಓದಿದವರಲ್ಲ! ಮಳೆಗಾಲದಲ್ಲಿ ಮಾತ್ರ ಅವರು ಚಾಪೆ ಸುತ್ತಿಕೊಂಡು ಕೆಳಗಿನ ಅಟ್ಟಕ್ಕೋ ಮೇಜುಗಳ ನಡುವಿಗೋ ಇಳಿಯಬೇಕಾಗುತ್ತಿತ್ತು. ಹೋಟೆಲಿನಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸುವುದನ್ನು ಕೇಂದ್ರ ಸರಕಾರವು 2006ರ ಅಕ್ಟೋಬರ್ 10ರಿಂದ ನಿಷೇಧಿಸಿತು. ಆದರೆ ದೊಡ್ಡವರಾದ ಕೆಲಸಗಾರರು ಹೋಟೆಲಿನಲ್ಲಿಯೇ ಮಲಗುವ ಪದ್ಧತಿ ಪೂರ್ತಿ ಹೋಗಿಲ್ಲ.

ಬಯಲಿನಲ್ಲಿ ಕೂತು ತಿನ್ನುವ ರುಚಿ ಮುಂಬಯಿಗೆ ಇರಲಿಲ್ಲವೆಂದಲ್ಲ. ಮಲಬಾರ್ ಹಿಲ್ಲಿನ ಮೇಲಿದ್ದ ನಾಝ್ ಕೆಫೆಯನ್ನು ಹಿರಿಯ ಓದುಗರು ಮರೆತಿರಲಾರರು. ತೆರೆದ ತಾರಸಿಯ ಮೇಲೆ ಕೂತು, ಒಂದು ಚಹಾ ಎದುರಿಗಿಟ್ಟುಕೊಂಡು, ಮೆರೀನ್ ಡ್ರೈವಿನ ದೀಪಮಾಲೆಯನ್ನು ನೋಡಬಹುದಿತ್ತು. 1990ರ ದಶಕದ ಕೊನೆಯಲ್ಲಿ ಅದು ಮುಚ್ಚಿತು. ಮದರಾಸಿನಲ್ಲಿ ನಮ್ಮ ಕರಾವಳಿಯವರೇ ಆದ ವುಡ್‌ಲ್ಯಾಂಡ್ಸ್ ಕೃಷ್ಣರಾಯರು 1962ರಲ್ಲಿ ಮರಗಳ ನಡುವೆ ಆರಂಭಿಸಿದ ಡ್ರೈವ್-ಇನ್ ಹೋಟೆಲು 2008ರವರೆಗೂ ನಡೆಯಿತು. ನೆಲದ ಮೇಲೆ ಮರದ ಕೆಳಗೆ ಉಣ್ಣುವವನಿಗೆ ಅಪಾಯ ಬಂದರೆ ಎದ್ದು ಓಡಲು ನಾಲ್ಕು ದಿಕ್ಕುಗಳಿವೆ. ಐದನೆಯ ಮಾಳಿಗೆಯಲ್ಲಿ ಉಣ್ಣುವವನಿಗೆ ಇರುವುದು ಮೆಟ್ಟಿಲು ಮಾತ್ರ. ಈ ವ್ಯತ್ಯಾಸವೇ ಮುಂದಿನ ಕಥೆ.

ಗಿರಣಿಯ ಅಂಗಳದಲ್ಲಿ

1982ರ ಜನವರಿ 18ರಂದು ಆರಂಭವಾದ ಮುಷ್ಕರದ ತರುವಾಯ ಮುಂಬಯಿಯ ಬಟ್ಟೆಗಿರಣಿಗಳು ಒಂದೊಂದಾಗಿ ಮುಚ್ಚತೊಡಗಿದುದು ಎಲ್ಲರಿಗೂ ತಿಳಿದ ಸಂಗತಿ. 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳು ಗಿರಣಿಯ ಜಮೀನುಗಳಿಗೆ ಬೇರೆ ಉಪಯೋಗದ ದಾರಿ ತೆರೆದವು. ಲೋವರ್ ಪರೇಲಿನ ಚಿಮಣಿಗಳ ಬುಡದಲ್ಲಿ ಕಚೇರಿಗಳೂ, ಕಚೇರಿಗಳ ಸುತ್ತ ಊಟದ ಮನೆಗಳೂ ಹುಟ್ಟಿದವು. ಸಂಜೆಯ ಗಿರಾಕಿಗೆ ಆಕಾಶ ಬೇಕು, ಗಾಳಿ ಬೇಕು. ಆದರೆ ಮಳೆ ಬೇಡ. ತಾರಸಿಗಳಿಗೆ ಬೆಲೆ ಬಂತು.

ಮಳೆಗಾಲಕ್ಕೆಂದು ತಾತ್ಕಾಲಿಕ ಶೆಡ್ಡು ಹಾಕಲು ಮಹಾನಗರಪಾಲಿಕೆ ಅನುಮತಿ ಕೊಡುವ ಪದ್ಧತಿ ಮೊದಲಿನಿಂದಲೂ ಇದೆ. ಜೂನ್ ಬರುವ ಮೊದಲು ಊರೆಲ್ಲ ನೀಲಿ ತಾಡಪತ್ರಿ ಹೊದೆಯುವುದನ್ನು ನಾವು ಪ್ರತಿವರ್ಷ ರೈಲಿನ ಕಿಟಕಿಯಿಂದ ನೋಡುತ್ತೇವೆ. ಶರತ್ತು ಏನೆಂದರೆ, ಮಳೆ ಮುಗಿದ ಮೇಲೆ ಅದನ್ನು ತೆಗೆಯಬೇಕು. ಆದರೆ ಕಟ್ಟಲು ಖರ್ಚು, ಬಿಚ್ಚಲು ಖರ್ಚು, ಮತ್ತೆ ಕಟ್ಟಲು ಖರ್ಚು. ಹೀಗಾಗಿ ಎಷ್ಟೋ ಕಡೆ ಶೆಡ್ಡು ಉಳಿಯಿತು. ಉಳಿದದ್ದಕ್ಕೆ ಬದಿಯಲ್ಲಿ ಪ್ಲಾಸ್ಟಿಕ್ ಪರದೆ ಬಂತು. ಪರದೆಯ ಹಿಂದೆ ಫ್ಯಾನು, ಬಳಿಕ ಏರ್ ಕಂಡಿಷನರು, ಕೊನೆಗೆ ಮೂಲೆಯಲ್ಲಿ ಒಲೆ. ಚಪ್ಪರವು ಕೋಣೆಯಾಯಿತು, ಆದರೆ ಕೋಣೆಗೆ ಇರಬೇಕಾದ ಗೋಡೆಯಾಗಲಿ ಬಾಗಿಲಾಗಲಿ ಅದಕ್ಕೆ ಇರಲಿಲ್ಲ. ಕಾಯಿದೆಯ 351ನೆಯ ಕಲಮಿನ ನೋಟೀಸು ಬರುವುದು, ವಕೀಲರ ಉತ್ತರ ಹೋಗುವುದು, ವರ್ಷ ಕಳೆಯುವುದು. ಇದು ಅನೇಕ ಉದ್ಯಮಿಗಳಿಗೆ ಮಾಮೂಲು ವ್ಯವಹಾರವಾಗಿತ್ತು.

ಕೊನೆಗೆ, ಹಲವು ವರ್ಷಗಳ ಚರ್ಚೆಯ ನಂತರ, 2017ರ ನವೆಂಬರಿನಲ್ಲಿ ಪಾಲಿಕೆಯು ತಾರಸಿ ಹೋಟೆಲುಗಳ ಬಗ್ಗೆ ಒಂದು ನೀತಿಯನ್ನೇ ಜಾರಿಗೆ ತಂದಿತು. ಪೂರ್ಣ ವ್ಯಾಪಾರಿ ಉಪಯೋಗದ ಕಟ್ಟಡಗಳ ಮೇಲೆ ಮಾತ್ರ, ತಾರಸಿಯ ಮೇಲೆ ಅಡಿಗೆ ಮಾಡಬಾರದು, ಕಾಯಂ ಕಟ್ಟಡ ಏಳಬಾರದು ಎಂಬವು ಅದರ ಮುಖ್ಯ ಅಂಶಗಳು. ನಮ್ಮೂರಿನ ಮದುವೆ ಚಪ್ಪರದ ಧರ್ಮವನ್ನೇ ಸರಕಾರಿ ಭಾಷೆಯಲ್ಲಿ ಬರೆದಂತಿತ್ತು.

ಎರಡು ತಿಂಗಳು ತುಂಬುವ ಮೊದಲೇ, 2017ರ ಡಿಸೆಂಬರ್ 29ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿನಲ್ಲಿ, ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ಕಟ್ಟಡವೊಂದರ ಮೇಲ್ಭಾಗದಲ್ಲಿ ಒಂದರ ಪಕ್ಕ ಒಂದಿದ್ದ ಎರಡು ಪಾನಗೃಹಗಳಿಗೆ ಬೆಂಕಿ ಬಿತ್ತು. ಹುಟ್ಟುಹಬ್ಬ ಆಚರಿಸಲು ಬಂದವರಿದ್ದರು, ವರ್ಷಾಂತ್ಯದ ರಜೆಗೆ ಬಂದವರಿದ್ದರು. 14 ಮಂದಿ ಸತ್ತರು. ಹುಕ್ಕಾದ ಕೆಂಡದಿಂದ ಹಾರಿದ ಕಿಡಿ ಪರದೆಗೆ ತಗಲಿದ್ದು ಸಂಭವನೀಯ ಕಾರಣವೆಂದು ಅಗ್ನಿಶಾಮಕ ದಳದ ತನಿಖೆ ಹೇಳಿತು. ಬಿದಿರು, ತಾಡಪತ್ರಿ, ಪ್ಲಾಸ್ಟಿಕ್ಕಿನ ಆ ಹೊದಿಕೆ ನಿಮಿಷಗಳಲ್ಲಿ ಹೊತ್ತಿ ಉರಿದು ಕೆಳಗಿದ್ದವರ ಮೇಲೆ ಬಿತ್ತು. ದಾರಿ ಕಾಣದೆ ಶೌಚಾಲಯದ ಕಡೆ ಓಡಿದವರು ಅಲ್ಲಿ ಹೊಗೆಯಿಂದ ಉಸಿರುಗಟ್ಟಿ ಹೋದರು. ಮರುದಿನದಿಂದ ಪಾಲಿಕೆ ನಗರದುದ್ದಕ್ಕೂ ನೂರಾರು ಅನಧಿಕೃತ ಶೆಡ್ಡುಗಳನ್ನು ಕೆಡವಿತು.

ಇದಕ್ಕೆ ಎರಡು ವರ್ಷ ಮೊದಲು, 2015ರ ಅಕ್ಟೋಬರ್ 16ರಂದು ಕುರ್ಲಾದ ಹೋಟೆಲೊಂದರಲ್ಲಿ ಗ್ಯಾಸಿನ ಬೆಂಕಿಗೆ 8 ಮಂದಿ ಬಲಿಯಾಗಿದ್ದರು. ಮೇಲಿನ ಅಟ್ಟದಲ್ಲಿ ಊಟಕ್ಕೆ ಕೂತವರಿಗೆ ಇಳಿಯಲಾಗಲಿಲ್ಲ. ಎರಡೂ ಕಡೆ ಜನರನ್ನು ಕೊಂದದ್ದು ಬೆಂಕಿ ಮಾತ್ರವಲ್ಲ, ಇಳಿಯುವ ದಾರಿ ಇಲ್ಲದ್ದು.

ಮಳೆ, ಗಾಳಿ ಮತ್ತು ಒಂದಿಷ್ಟು ಲೆಕ್ಕ

ಇಷ್ಟು ಇತಿಹಾಸವನ್ನು ಕಂಕುಳಲ್ಲಿಟ್ಟುಕೊಂಡು ನಾನು ಮಾವನವರ ತಾರಸಿ ಹತ್ತಿದೆ. ಕಂತ್ರಾಟುದಾರ ಸೂಚಿಸಿದ್ದು 30 ಅಡಿ ಉದ್ದ, 20 ಅಡಿ ಅಗಲದ ಮಾಡು; ಅಂದರೆ 600 ಚದರಡಿ, ಸುಮಾರು 56 ಚದರ ಮೀಟರು. "ಮಳೆಗೆ ಏನೂ ಆಗುವುದಿಲ್ಲ" ಎಂದು ಆತ ಹೇಳಿದ್ದನಂತೆ. ಹಾಗಾದರೆ ಮಳೆ ಎಷ್ಟು?

ಮುಂಬಯಿಯಲ್ಲಿ ಮಳೆಗಾಲದ ನಾಲ್ಕು ತಿಂಗಳಲ್ಲಿ 2000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಒಂದು ಗಂಟೆಯಲ್ಲಿ 100 ಮಿಲಿಮೀಟರು ಸುರಿದರೆ ಈ ಮಾಡಿನ ಮೇಲೆ ಬೀಳುವ ನೀರು 5600 ಲೀಟರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ ದಾಖಲಾದದ್ದು 944 ಮಿಲಿಮೀಟರು. ಆ ದಿನ ಇಷ್ಟೇ ಜಾಗದ ಮೇಲೆ 52 ಸಾವಿರ ಲೀಟರಿಗೂ ಹೆಚ್ಚು ನೀರು ಬಿದ್ದಿರುತ್ತಿತ್ತು. ಇಳಿಜಾರು ಸಾಲದಿದ್ದರೆ, ಹರಿನಾಳದಲ್ಲಿ ಒಂದು ಎಲೆ ಸಿಕ್ಕಿದರೂ ಸಾಕು, ತಾಡಪತ್ರಿ ನೀರಿನ ಹೊಟ್ಟೆಯಾಗಿ ಜೋತುಬೀಳುತ್ತದೆ. ನಮ್ಮ ಊರಿನ ಮನೆಯ ಮಾಡು ಅಷ್ಟು ಕಡಿದಾಗಿ ಇಳಿಯುವುದು ಚೆಂದಕ್ಕಲ್ಲ.

ಆದರೆ ಮಳೆಗಿಂತ ದೊಡ್ಡ ವೈರಿ ಗಾಳಿ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. 2021ರ ಮೇ 17ರಂದು ತೌಕ್ತೆ ಚಂಡಮಾರುತ ಮುಂಬಯಿಯ ಪಕ್ಕದಿಂದ ಹಾದುಹೋದಾಗ ಕೊಲಾಬಾದಲ್ಲಿ ಗಂಟೆಗೆ 114 ಕಿಲೋಮೀಟರು ವೇಗದ ಗಾಳಿ ದಾಖಲಾಯಿತು. ಆ ವೇಗಕ್ಕೆ ಚದರ ಮೀಟರಿಗೆ ಸುಮಾರು 60 ಕಿಲೋ ತೂಕದಷ್ಟು ಒತ್ತಡ. 56 ಚದರ ಮೀಟರಿಗೆ ಮೂರು ಟನ್ನಿಗೂ ಮೇಲೆ. ಭಾರತೀಯ ಮಾನಕವು ಮುಂಬಯಿಯಲ್ಲಿ ಕಟ್ಟುವವರು ಸೆಕೆಂಡಿಗೆ 44 ಮೀಟರು, ಅಂದರೆ ಗಂಟೆಗೆ ಸುಮಾರು 158 ಕಿಲೋಮೀಟರು ಗಾಳಿಯನ್ನು ಮೂಲವಾಗಿ ಹಿಡಿದು ಲೆಕ್ಕ ಹಾಕಬೇಕೆನ್ನುತ್ತದೆ. ಆಗ ಒತ್ತಡ ಆರೂವರೆ ಟನ್ನು! ಬದಿ ತೆರೆದ ಮಾಡಿನ ಅಡಿಗೆ ನುಗ್ಗಿದ ಗಾಳಿ ಅದನ್ನು ಮೇಲಕ್ಕೆ ಎತ್ತುತ್ತದೆ. ಮಳೆಯಲ್ಲಿ ಕೊಡೆ ಮಗುಚಿದ ಅನುಭವ ಯಾರಿಗಿಲ್ಲ? ಮಾಡಿನ ಸ್ವಂತ ತೂಕವನ್ನು ಚದರ ಮೀಟರಿಗೆ 20 ಕಿಲೋ ಎಂದು ಹಿಡಿದರೂ ಒಟ್ಟು ಒಂದು ಟನ್ನು ಚಿಲ್ಲರೆ. ಉಳಿದುದನ್ನು ಹಿಡಿದಿಡಬೇಕಾದ್ದು ಕಂಬದ ಬುಡದ ಬೋಲ್ಟುಗಳು. ಲೆಕ್ಕವಿಲ್ಲದೆ ಎತ್ತರದಲ್ಲಿ ನಿಲ್ಲಿಸಿದ್ದು ಗಾಳಿಗೆ ಏನಾಗುತ್ತದೆಂಬುದನ್ನು 2024ರ ಮೇ 13ರಂದು ಘಾಟ್ಕೋಪರಿನಲ್ಲಿ ಕಂಡೆವು. 40 ಅಡಿಗೆ 40 ಅಡಿಯಷ್ಟೇ ಅವಕಾಶವಿದ್ದ ಕಡೆ 120 ಅಡಿಗೆ 120 ಅಡಿಯ ಜಾಹೀರಾತು ಫಲಕ ಪೆಟ್ರೋಲ್ ಪಂಪಿನ ಮೇಲೆ ಬಿದ್ದು 17 ಮಂದಿ ಪ್ರಾಣ ಕಳಕೊಂಡರು.

ಬೋಲ್ಟಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮುಂಬಯಿಯ ತಾರಸಿಗಳ ಮೇಲೆ ಇಟ್ಟಿಗೆ ಚೂರಿನ ಗಾರೆಯ ಪದರವೂ ಅದರ ಮೇಲೆ ಚೀನಿ ಚೂರುಗಳ ಹಾಸೂ ಇರುತ್ತದೆ. ಬೋಲ್ಟನ್ನು ಆ ಪದರಕ್ಕೆ ಹೊಡೆದರೆ ಅದಕ್ಕೆ ಹಿಡಿತವಿಲ್ಲ. ಪದರವನ್ನು ತೂತು ಮಾಡಿದರೆ ಮುಂದಿನ ಮಳೆಗೆ ಕೆಳಗಿನ ಹೋಟೆಲು ಸೋರುತ್ತದೆ. ಕಟ್ಟಡದ ಕಂಬಗಳು ಎಲ್ಲಿವೆಯೋ ಅಲ್ಲಿಯೇ ಚಪ್ಪರದ ಕಾಲು ಕೂರಬೇಕು, ಬುಡಕ್ಕೆ ಪೀಠ ಕಟ್ಟಿ ನೀರು ತಡೆಯಬೇಕು. ಜನ ಓಡಾಡುವ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕಿಲೋ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಊಟದ ಶಾಲೆಗೆ ಕನಿಷ್ಠ ಅದರ ಎರಡರಷ್ಟು ಹಿಡಿಯಬೇಕು. ಇದನ್ನು ಹೇಳಬೇಕಾದವನು ನನ್ನಂಥ ಗುಮಾಸ್ತನಲ್ಲ, ಕಟ್ಟಡವನ್ನು ಪರೀಕ್ಷಿಸಿದ ಇಂಜಿನಿಯರು.

ಹೊದಿಕೆ ಯಾವುದಾಗಬೇಕು? ತಾಡಪತ್ರಿ ಬೇಡವೇ ಬೇಡ. ಪಾಲಿಕಾರ್ಬೊನೇಟ್ ಹಾಳೆ ಗಟ್ಟಿ, ಬೆಳಕು ಬಿಡುತ್ತದೆ. ಆದರೆ ಸುಮಾರು 150 ಡಿಗ್ರಿ ಸೆಲ್ಸಿಯಸಿಗೆ ಮೆತ್ತಗಾಗುತ್ತದೆ. ಇತ್ತೀಚೆಗೆ ತಿರುಗುವ ಪಟ್ಟಿಗಳಿರುವ ಅಲ್ಯುಮಿನಿಯಮ್ ಚಪ್ಪರ ಬಂದಿದೆ. ಬಿಸಿಲಿಗೆ ಓರೆ, ಮಳೆಗೆ ಮುಚ್ಚು, ಗಾಳಿಗೆ ತೆರೆ. ಅಲ್ಯುಮಿನಿಯಮ್ ಕರಗುವುದು 660 ಡಿಗ್ರಿಗೆ. ಅದು ಪ್ಲಾಸ್ಟಿಕ್ಕಿನಂತೆ ಹೊತ್ತಿ ಉರಿಯುವುದಿಲ್ಲ, ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಬೆಲೆ ಮಾತ್ರ ಕೈ ಸುಡುತ್ತದೆ. ಉಕ್ಕು ಬಳಸಿದರೆ ಸತುವಿನ ಲೇಪ ಬೇಕು, ಪ್ರತಿವರ್ಷ ಮಳೆಗೆ ಮೊದಲು ಬಣ್ಣ ಬೇಕು.

ಮೆಟ್ಟಿಲು ಎಷ್ಟು?

ಇದನ್ನೆಲ್ಲ ವಿವರಿಸಿದಾಗ ಮಾವನವರು ಗಂಭೀರವಾಗಿ ತಲೆಯಾಡಿಸಿದರು. ಅವರಿಗೆ ಬೇಕಾಗಿದ್ದದ್ದು ಒಂದೇ ಉತ್ತರ: ಯಾವ ಮಾಡು? ನಾನು ಅದರ ಬದಲು ಕೇಳಿದೆ, "ಮಾವ, ಇಳಿಯಲು ಮೆಟ್ಟಿಲು ಎಷ್ಟು?"

ಇದ್ದದ್ದು ಒಂದೇ. ಅಡಿಗೆಮನೆಯ ಪಕ್ಕದಿಂದ ಏರುವ ಕಬ್ಬಿಣದ ಮೆಟ್ಟಿಲು, ಎರಡೂವರೆ ಅಡಿ ಅಗಲ, ಬದಿಗೆ ಎಣ್ಣೆ ಡಬ್ಬಗಳು. ರಾತ್ರಿ ಆ ತಾರಸಿಯ ಮೇಲೆ ಆರು ಮಂದಿ ಕೆಲಸಗಾರರು ಮಲಗುತ್ತಾರೆ.

ಮಾವನವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ನಾನು ಹುಟ್ಟಿನಿಂದ ಕೇಳದ ಒಂದು ಕಥೆ ಹೇಳಿದರು. 1970ರ ದಶಕದಲ್ಲಿ ಅವರು ಹದಿನಾಲ್ಕರ ಹುಡುಗನಾಗಿ ಮುಂಬಯಿಗೆ ಬಂದು ಬೇರೊಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದರು. ಒಂದು ಎಪ್ರಿಲ್ ರಾತ್ರಿ ಕೆಳಗೆ ಅಡಿಗೆಮನೆಯಲ್ಲಿ ಎಣ್ಣೆಗೆ ಬೆಂಕಿ ಹಿಡಿಯಿತು. ತಾರಸಿಯಲ್ಲಿ ಮಲಗಿದ್ದ ಎಂಟು ಹುಡುಗರು ಎಚ್ಚರಗೊಂಡಾಗ ಮೆಟ್ಟಿಲಿನ ಬಾಯಿಯಿಂದ ಕಪ್ಪು ಹೊಗೆ ಬರುತ್ತಿತ್ತು. ಪಕ್ಕದ ಚಾಳಿನವರು ಎರಡು ಕಟ್ಟಡಗಳ ನಡುವೆ ಒಂದು ಹಲಗೆ ಹಾಸಿದರು; ಕೆಳಗೆ ನೋಡದೆ ಒಬ್ಬೊಬ್ಬರಾಗಿ ದಾಟಿದರು. "ಮಾಡು ಇಲ್ಲದ್ದರಿಂದ ಬದುಕಿದೆವು. ಹೊಗೆ ಮೇಲಕ್ಕೆ ಹೋಯಿತು, ನಾವು ಪಕ್ಕಕ್ಕೆ ಹೋದೆವು" ಎಂದರು. ಮಾಲೀಕರು ಮರುದಿನ ಗೋಡೆಗೆ ಸುಣ್ಣ ಬಳಿಸಿದರಂತೆ; ಮೆಟ್ಟಿಲು ಒಂದೇ ಉಳಿಯಿತಂತೆ.

ಆ ದಿನ ಕಂತ್ರಾಟುದಾರನ ಚಿತ್ರಗಳನ್ನು ಮಡಚಿಟ್ಟೆವು. ಕಟ್ಟಡ ಪೂರ್ಣವಾಗಿ ವ್ಯಾಪಾರಿ ಉಪಯೋಗದ್ದು ಎಂಬುದಕ್ಕೆ ಕಾಗದ ಹುಡುಕಿದೆವು. ಇಂಜಿನಿಯರರೊಬ್ಬರು ಬಂದು ತಾರಸಿಯ ಬಲ ನೋಡಿದರು. ಹಿಂಬದಿಯಿಂದ, ಅಡಿಗೆಮನೆಗೆ ಸಂಬಂಧವಿಲ್ಲದಂತೆ, ಐದಡಿ ಅಗಲದ ಎರಡನೆಯ ಮೆಟ್ಟಿಲಿನ ನಕ್ಷೆಯಾಯಿತು. ಖರ್ಚು ಮೊದಲು ಅಂದುಕೊಂಡದ್ದರ ಎರಡು ಪಟ್ಟಿಗೆ ಹತ್ತಿರ. ಮೇಜುಗಳು ಹದಿನಾರರಿಂದ ಹತ್ತಕ್ಕೆ ಇಳಿದವು. ಬದಿಗಳು ತೆರೆದೇ ಇರುವುವು. ಒಲೆ ಮೇಲೆ ಹೋಗುವುದಿಲ್ಲ. ಅತಿ ಬಿರುಸಿನ ಮಳೆಯ ದಿನಗಳಲ್ಲಿ ಮೇಲೆ ಊಟವಿಲ್ಲ ಎಂದು ಒಂದು ಫಲಕ ಹಾಕಿದರಾಯಿತು. ಅರ್ಜಿ ಪಾಲಿಕೆಗೆ, ಅಗ್ನಿಶಾಮಕ ದಳಕ್ಕೆ ಹೋಗಿದೆ. ಫೈಲು ಎಷ್ಟು ನಿಧಾನ ನಡೆಯುತ್ತದೆಂಬುದು ಫೈಲು ನೋಡುವ ನನಗೆ ಗೊತ್ತು. ಮಾವನವರು ಆಗಾಗ ನನ್ನ ಮೇಲೆಯೇ ಸಿಡುಕುತ್ತಾರೆ.

ಆರು ಮಂದಿ ಕೆಲಸಗಾರರಿಗೆ ಹತ್ತಿರದಲ್ಲೊಂದು ಕೋಣೆ ಬಾಡಿಗೆಗೆ ಹಿಡಿದಿದ್ದಾರೆ. ಈ ಖರ್ಚು ಮಾತ್ರ ಯಾರೂ ಹೇಳದೆ ಅವರೇ ಮಾಡಿದ್ದು. ತಾರಸಿಯ ಮೇಲೆ ಗಿರಾಕಿ ಕೂರುವ ಮೊದಲು ಅಲ್ಲಿ ಮಲಗುತ್ತಿದ್ದವನಿಗೆ ಜಾಗ ಆಗಬೇಕು ಎಂಬುದು ಅವರ ಮಾತು.

ಹೋಟೆಲುದ್ಯಮದ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಮಾಳಿಗೆಯ ಮೇಲೆ ಚಪ್ಪರ ಹಾಕಿಸಿರಿ. ಗಾಳಿಗೆ ಕೂತು ಒಂದು ದೋಸೆ ತಿನ್ನುವ ಸುಖವನ್ನು ಈ ಇಕ್ಕಟ್ಟಿನ ಊರಿನಲ್ಲಿ ಯಾರೂ ಬೇಡವೆನ್ನಲಾರರು. ಆದರೆ ಮಾಡಿನ ನಕ್ಷೆಗೆ ಮೊದಲು ಮೆಟ್ಟಿಲಿನ ನಕ್ಷೆ ಬರಲಿ. ಗಿರಾಕಿಗಳಾದ ನಾವು ಕೂಡ ಮೇಲೆ ಹತ್ತಿ ಕೂತ ಕೂಡಲೇ ಮೆನು ಕಾರ್ಡು ಬಿಡಿಸುವ ಮುನ್ನ ಒಮ್ಮೆ ಸುತ್ತ ನೋಡಿ, ಇಳಿಯುವ ದಾರಿ ಎಲ್ಲಿದೆ ಎಂದು ಮಕ್ಕಳಿಗೆ ತೋರಿಸಿಕೊಡುವುದು ಒಳ್ಳೆಯದು. ಕೇಳಿದರೆ ಮಾಣಿ ಬೇಸರಪಡಲಾರ. ಅವನೂ ಅದೇ ದಾರಿಯಿಂದ ಇಳಿಯಬೇಕಾದವನಲ್ಲವೇ?